ಹಿಂಬಾಗಿಲಿನಿಂದ ಅಳೆದ ಮೂರು ವ್ಯಾಗನ್‌ಗಳು

2016ರಿಂದ 2019ರವರೆಗೆ, ಅಮೆರಿಕದ ಮಿಷಿಗನ್ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ನಮ್ಮ ಮನೆಯಲ್ಲಿ ಹಳೆಯ ಕಾಲದ ಪೂರ್ಣಗಾತ್ರದ ಸ್ಟೇಷನ್ ವ್ಯಾಗನ್‌ಗಳು, ಅಂದರೆ ಚಾವಣಿ ಹಿಂಬದಿಯವರೆಗೂ ಚಾಚಿಕೊಂಡು ಜನರಿಗೂ ಸಾಮಾನಿಗೂ ಜಾಗವಿರುವ ಉದ್ದನೆಯ ಕುಟುಂಬದ ಕಾರುಗಳು, ಮೂರು ಇದ್ದವು. ಒಂದು 1974ರ ಓಲ್ಡ್ಸ್‌ಮೊಬೈಲ್ ಕಸ್ಟಮ್ ಕ್ರೂಸರ್, ಇನ್ನೊಂದು 1990ರ ಫೋರ್ಡ್ ಕಂಟ್ರಿ ಸ್ಕ್ವೈರ್, ಮೂರನೆಯದು 1995ರ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್. ಮೂರನ್ನೂ ನಾನೇ ಓಡಿಸಿದೆ, ಮೂರರ ಕೆಳಗೂ ಅಂಗಾತ ಮಲಗಿ ಕೆಲಸ ಮಾಡಿದೆ, ಮೂರರಲ್ಲೂ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಮೈಸೂರಿನಿಂದ ಬಂದು ಆರು ತಿಂಗಳು ಇದ್ದ ನನ್ನ ತಾಯಿಯವರನ್ನು ಕರೆದುಕೊಂಡು ದೂರದ ಊರುಗಳಿಗೆ ಹೋಗಿ ಬಂದೆ. ಮನೆಯಲ್ಲಿ ಮೂರಕ್ಕೂ ಜಾಗ ಸಾಲದೆ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕಾಗಿ ಬಂದಾಗ, ಯಾವುದನ್ನು ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡಿದ್ದು ಎಂಜಿನ್ ಅಲ್ಲ, ಅಂದವೂ ಅಲ್ಲ, ಹಿಂಬಾಗಿಲು. ಎಂಜಿನ್, ಗೇರ್‌ಬಾಕ್ಸ್, ಸ್ಟೇರಿಂಗ್ ಎಲ್ಲವೂ ಅದೇ ಕಂಪನಿಯ ಅದೇ ಕಾಲದ ಸಾಧಾರಣ ಕಾರಿನಲ್ಲಿಯೂ ಸಿಗುತ್ತವೆ. ವ್ಯಾಗನ್ನಿಗೆ ಮಾತ್ರ ಸೇರಿದ್ದು ಆ ಬಾಗಿಲು, ಅದರ ಒಳಗಿನ ಮಟ್ಟಸವಾದ ನೆಲ ಮತ್ತು ಆ ನೆಲದಡಿಯಿಂದ ಎದ್ದು ನಿಲ್ಲುವ ಮೂರನೆಯ ಸಾಲಿನ ಸೀಟು. ಹಾಗಾಗಿ ಈ ಹೋಲಿಕೆಯನ್ನು ಹಿಂದಿನಿಂದಲೇ ಆರಂಭಿಸುತ್ತೇನೆ.

ಅದಕ್ಕೆ ಮೊದಲು ಇವು ಒಂದೇ ಮನೆತನದವಾದರೂ ಒಂದೇ ತಲೆಮಾರಿನವಲ್ಲ ಎಂಬುದನ್ನು ಹೇಳಬೇಕು. ರೈಲ್ವೆ ಸ್ಟೇಷನ್ನಿನಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಸಾಗಿಸುತ್ತಿದ್ದ ಬಂಡಿಯಿಂದ ಬಂದ ಹೆಸರು ಸ್ಟೇಷನ್ ವ್ಯಾಗನ್. ಓಲ್ಡ್ಸ್‌ಮೊಬೈಲ್, ಬ್ಯೂಕ್ ಎರಡೂ ಜನರಲ್ ಮೋಟರ್ಸ್ ಕಂಪನಿಯ ಹೆಸರುಗಳೇ; 1971ರಿಂದ 1976ರವರೆಗೆ ಆ ಕಂಪನಿ ತಯಾರಿಸಿದ ವ್ಯಾಗನ್‌ಗಳು ಆ ವಂಶದಲ್ಲೇ ಭಾರಿ ಗಾತ್ರದವು. ನನ್ನ ಓಲ್ಡ್ಸ್‌ಮೊಬೈಲಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೇ 127 ಅಂಗುಲ, ಒಟ್ಟು ಉದ್ದ 19 ಅಡಿಗೂ ಹೆಚ್ಚು, ತೂಕ ಸುಮಾರು 2,300 ಕಿಲೋ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಸರಬರಾಜನ್ನು ತಡೆಹಿಡಿದ ಮೇಲೆ ಈ ಗಾತ್ರ ಉಳಿಯುವ ಹಾಗಿರಲಿಲ್ಲ. 1977ರಲ್ಲಿ ಜನರಲ್ ಮೋಟರ್ಸ್ ಚಕ್ರಗಳ ನಡುವಿನ ಈ ಅಂತರವನ್ನು 116 ಅಂಗುಲಕ್ಕೆ ಇಳಿಸಿತು. 1979ರಲ್ಲಿ ಫೋರ್ಡ್ ತನ್ನ ಕಂಟ್ರಿ ಸ್ಕ್ವೈರ್ ಅನ್ನು 114.3 ಅಂಗುಲಕ್ಕೆ ತಂದಿತು. ನನ್ನ ಬ್ಯೂಕ್‌ನ ಅಳತೆ ಆ 1977ರ ಅಳತೆಯೇ, ಮೇಲಿನ ಮೈ ಮಾತ್ರ 1991ರದು. ಹಾಗಾಗಿ ಫೋರ್ಡ್ ಮತ್ತು ಬ್ಯೂಕ್ ನೇರವಾದ ಪ್ರತಿಸ್ಪರ್ಧಿಗಳು. ಓಲ್ಡ್ಸ್‌ಮೊಬೈಲ್ ಆ ಇಬ್ಬರ ಅಜ್ಜನ ಸ್ಥಾನದಲ್ಲಿದೆ.

ಅಜ್ಜನ ಹಿಂಬಾಗಿಲಿನಷ್ಟು ಬೆರಗು ಹುಟ್ಟಿಸುವ ವಸ್ತುವನ್ನು ನಾನು ಬೇರೆ ಯಾವ ಕಾರಿನಲ್ಲಿಯೂ ಕಂಡಿಲ್ಲ. ಕಪ್ಪೆಚಿಪ್ಪು ತೆರೆದುಕೊಳ್ಳುವ ರೀತಿಯನ್ನು ನೆನಪಿಸುವುದರಿಂದ ಇದನ್ನು ಕ್ಲ್ಯಾಮ್‌ಶೆಲ್ ಎಂದು ಕರೆಯುತ್ತಾರೆ. ಹಿಂಬದಿಯ ಬೀಗಕ್ಕೆ ಕೀಲಿ ಹಾಕಿ ಒಂದು ಕಡೆಗೆ ತಿರುಗಿಸಿ ಹಿಡಿದರೆ, ಒಳಗಿನ ಮೋಟರು ಗುಂಯ್‌ಗುಟ್ಟಿ, ಇಡೀ ಹಿಂಗಾಜು ಬಾಗುತ್ತಾ ಮೇಲಕ್ಕೆ ಸರಿದು ಚಾವಣಿಯ ಎರಡು ಪದರಗಳ ನಡುವೆ ಅಡಗಿಬಿಡುತ್ತದೆ. ಕೀಲಿಯನ್ನು ಮತ್ತಷ್ಟು ಕೆಲಸಕ್ಕೆ ಹಚ್ಚಿದರೆ ಕೆಳಗಿನ ಉಕ್ಕಿನ ಬಾಗಿಲು ತಾನೂ ನಿಧಾನವಾಗಿ ಕೆಳಕ್ಕೆ ಜಾರಿ ನೆಲದ ಅಡಿಗೆ ಸೇರಿಕೊಳ್ಳುತ್ತದೆ. ಒಂದು ನಿಮಿಷದ ಹಿಂದೆ ಬಾಗಿಲಿದ್ದ ಜಾಗದಲ್ಲಿ ಈಗ ಏನೂ ಇಲ್ಲ. ನಡುಮನೆಯಿಂದ ಅಂಗಳ ಕಂಡ ಹಾಗೆ ಕಾರಿನ ಒಳಭಾಗವೆಲ್ಲ ತೆರೆದು ಕಾಣುತ್ತದೆ. ಅಡ್ಡ ಬರುವ ಬಾಗಿಲೇ ಇಲ್ಲದ್ದರಿಂದ ಮೊಣಕಾಲು ಬಂಪರಿಗೆ ತಾಗುವಷ್ಟು ಹತ್ತಿರ ನಿಂತು ಸಾಮಾನು ತುಂಬಬಹುದು. ಹಿಂದೆ ಟ್ರೇಲರ್ ಕಟ್ಟಿದ್ದರೂ, ಗೋಡೆಗೆ ಅಂಗೈ ಅಗಲದ ಜಾಗ ಬಿಟ್ಟು ನಿಲ್ಲಿಸಿದ್ದರೂ ಬಾಗಿಲು ತೆಗೆಯಲು ತೊಂದರೆಯಿಲ್ಲ. ನಮ್ಮ ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಮೂರಡಿ ಎತ್ತರದ ಮಣ್ಣಿನ ಗಣಪತಿಯನ್ನು ಒಯ್ಯಬೇಕಾಗಿ ಬಂದ ವರ್ಷ, ಇಬ್ಬರು ಗಣಪತಿಯನ್ನು ಎತ್ತಿ ಹಿಡಿದು ಬಂದು, ಎಲ್ಲಿಯೂ ಬಾಗದೆ, ಕೈ ಚಾಚದೆ ನೇರವಾಗಿ ಒಳಗಿಟ್ಟರು. ಆ ಕೆಲಸಕ್ಕೆ ಉಳಿದೆರಡು ವ್ಯಾಗನ್‌ಗಳು ಇದರ ಹತ್ತಿರವೂ ಬರಲಾರವು.

ಆದರೆ ಇದೇ ಬಾಗಿಲು ನನಗೆ ಅತಿ ಹೆಚ್ಚು ಕೆಲಸ ಕೊಟ್ಟದ್ದು. ಗಾಜು ಚಲಿಸುವ ಹಳಿಗಳು, ಉಕ್ಕಿನ ಬಾಗಿಲು ಜಾರುವ ಹಳಿಗಳು, ಅವುಗಳ ಮೋಟರುಗಳು, ರಬ್ಬರ್ ಪಟ್ಟಿಗಳು ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ಇರಬೇಕು; ಒಂದು ಕಡೆ ಕೂದಲೆಳೆಯಷ್ಟು ಓರೆಯಾದರೂ ಗಾಜು ಅರ್ಧದಲ್ಲಿ ನಿಂತುಬಿಡುತ್ತದೆ. ಬಾಗಿಲು ಇಳಿದು ಕೂರುವ ನೆಲದಡಿಯ ಗೂಡಿಗೆ ಮಳೆನೀರು, ಒಣಗಿದ ಎಲೆ, ರಸ್ತೆಯ ಧೂಳು ಸೇರಿ ಅಲ್ಲಿಂದಲೇ ತುಕ್ಕು ಆರಂಭವಾಗುತ್ತದೆ. ಒಮ್ಮೆ ಮಳೆಯಲ್ಲಿ, ಅಂಗಡಿಯೊಂದರ ಮುಂದೆ, ಗಾಜು ಚಾವಣಿಯೊಳಗೆ ಸೇರಿ ಹೊರಗೆ ಬರಲೊಪ್ಪದೆ, ಮನೆಯವರೆಗೂ ಹಿಂಬದಿಯನ್ನು ತೆರೆದುಕೊಂಡೇ ಬರಬೇಕಾಯಿತು. ಮರುದಿನ ಚಾವಣಿಯ ಒಳಹೊದಿಕೆಯನ್ನು ಬಿಚ್ಚಿ ನೋಡಿದರೆ, ಹಳಿಗೆ ಹಚ್ಚಿದ್ದ ಹಳೆಯ ಗ್ರೀಸು ಗಟ್ಟಿಯಾಗಿ ಬೆಲ್ಲದ ಪಾಕದಂತೆ ಹಿಡಿದುಕೊಂಡಿತ್ತು. ಅದನ್ನು ಕೆರೆದು ತೆಗೆದು ಹೊಸ ಗ್ರೀಸು ಹಚ್ಚಲು ಒಂದು ಶನಿವಾರ ಪೂರ್ತಿ ಹಿಡಿಯಿತು.

ಫೋರ್ಡ್ ಆಯ್ದುಕೊಂಡ ದಾರಿ ಬೇರೆ, ನನ್ನ ಅಭಿಪ್ರಾಯದಲ್ಲಿ ಅದು ಹೆಚ್ಚು ವಿವೇಕದ ದಾರಿ. 1966ರಲ್ಲಿ ಫೋರ್ಡ್ ತನ್ನ ವ್ಯಾಗನ್‌ಗಳಿಗೆ ಮ್ಯಾಜಿಕ್ ಡೋರ್‌ಗೇಟ್ ಎಂಬ ಬಾಗಿಲನ್ನು ತಂದಿತು: ಒಂದೇ ಬಾಗಿಲು ಬೇಕೆಂದಾಗ ಲಾರಿಯ ಹಿಂಬದಿಯ ಹಲಗೆಯಂತೆ ಕೆಳಕ್ಕೆ ಮಲಗುತ್ತದೆ, ಬೇಕೆಂದಾಗ ಮನೆಯ ಬಾಗಿಲಿನಂತೆ ಮಗ್ಗುಲಿಗೆ ತೆರೆದುಕೊಳ್ಳುತ್ತದೆ. 1969ರಲ್ಲಿ ಅದಕ್ಕೆ ಮೂರನೆಯ ಅನುಕೂಲವೊಂದು ಸೇರಿತು. ಗಾಜನ್ನು ಇಳಿಸದೆಯೇ ಮಗ್ಗುಲಿಗೆ ತೆರೆಯಬಹುದು. ನನ್ನ 1990ರ ಕಂಟ್ರಿ ಸ್ಕ್ವೈರ್‌ನಲ್ಲಿ ಇರುವುದು ಇದೇ ವ್ಯವಸ್ಥೆ. ತರಕಾರಿ ಚೀಲ ಇಡುವುದಕ್ಕೆ ಗಾಜನ್ನಷ್ಟೇ ಇಳಿಸಿದರೆ ಸಾಕು. ಅಮ್ಮ ಅಥವಾ ಮಕ್ಕಳು ಹತ್ತುವುದಕ್ಕೆ ಮಗ್ಗುಲಿಗೆ ತೆಗೆಯುತ್ತೇನೆ. ಕೀಲುಗಳು ಎಡಗಡೆಗಿರುವುದರಿಂದ, ಬಲಕ್ಕೆ ಓಡಾಡುವ ಈ ದೇಶದಲ್ಲಿ ಬಾಗಿಲು ಪಾದಚಾರಿ ದಾರಿಯ ಕಡೆಗೆ ತೆರೆಯುತ್ತದೆ, ಮಕ್ಕಳು ರಸ್ತೆಗೆ ಇಳಿಯುವ ಭಯವಿಲ್ಲ. ಉದ್ದನೆಯ ಹಲಗೆ, ಏಣಿ, ಹಾಸಿಗೆ ತರುವಾಗ ಕೆಳಕ್ಕೆ ಮಲಗಿಸಿದರೆ ಬಾಗಿಲೇ ನೆಲದ ಮುಂದುವರಿದ ಭಾಗವಾಗುತ್ತದೆ. ಸಂಜೆ ಸರೋವರದ ದಂಡೆಯಲ್ಲಿ ನಿಲ್ಲಿಸಿ, ಮಲಗಿಸಿದ ಆ ಬಾಗಿಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟುಕೊಂಡು ಕಾಫಿ ಕುಡಿದರೆ ಊರಿನ ಜಗಲಿಕಟ್ಟೆಯ ನೆನಪಾಗುತ್ತದೆ. ಇಷ್ಟೆಲ್ಲ ಮಾಡುವ ಬಾಗಿಲಿನಲ್ಲಿ ವಿದ್ಯುತ್ತಿನಿಂದ ನಡೆಯುವುದು ಗಾಜು ಒಂದೇ. ಉಳಿದದ್ದೆಲ್ಲ ಕೀಲು ಮತ್ತು ಕೊಂಡಿಯ ಕೆಲಸ. ಮೂವತ್ತು ವರ್ಷ ಕಳೆದರೂ ನನ್ನ ಬಾಗಿಲು ಒಂದೇ ಬಾರಿ ಮೊಂಡುಬಿದ್ದದ್ದು. ಕೊಂಡಿಯೊಂದಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟ ಮೇಲೆ ಸರಿಹೋಯಿತು.

ಬ್ಯೂಕ್ ಇವೆರಡರ ನಡುವೆ ನಿಲ್ಲುತ್ತದೆ. ಅದರ ಹಿಂಗಾಜು ಮೇಲಕ್ಕೆ ಎತ್ತಿಕೊಳ್ಳುವ ಮುಚ್ಚಳದ ಹಾಗಿದೆ. ಬಾಗಿಲು ಫೋರ್ಡಿನದರಂತೆ ಕೆಳಕ್ಕೂ ಮಗ್ಗುಲಿಗೂ ತೆರೆಯುತ್ತದೆ, ಆದರೆ ಮೊದಲು ಗಾಜನ್ನು ಎತ್ತಬೇಕು. ಗಾಜಿಗೆ ವೈಪರ್ ಇರುವುದು ಮಿಷಿಗನ್ನಿನ ಕೆಸರುಹಿಮದ ದಿನಗಳಲ್ಲಿ ದೊಡ್ಡ ಅನುಕೂಲ, ಮತ್ತು ಎತ್ತಿ ನಿಲ್ಲಿಸಿದ ಗಾಜು ತುಂತುರು ಮಳೆಯಲ್ಲಿ ತಲೆಯ ಮೇಲೊಂದು ಸೂರಾಗುತ್ತದೆ. ಆದರೂ ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ನಿಂತಾಗ, ಮೊದಲು ಗಾಜು, ಆಮೇಲೆ ಬಾಗಿಲು ಎಂಬ ಎರಡು ಹಂತದ ಕೆಲಸ ಪ್ರತಿ ಬಾರಿಯೂ ಬೇಸರ ತರಿಸುತ್ತಿತ್ತು. ಮಗಳು ಹತ್ತಬೇಕೆಂದರೂ ಯಾರಾದರೂ ದೊಡ್ಡವರು ಹೋಗಿ ಗಾಜು ಎತ್ತಿಕೊಡಬೇಕಾಗಿತ್ತು.

ಅಮೆರಿಕದಲ್ಲಿ ದೊಡ್ಡ ವ್ಯಾಗನ್‌ಗಳನ್ನು ಅಳೆಯುವ ಪದ್ಧತಿಯೊಂದಿದೆ: 4 ಅಡಿ ಅಗಲ, 8 ಅಡಿ ಉದ್ದದ ಪ್ಲೈವುಡ್ ಹಾಳೆ ಚಕ್ರಗಳ ಉಬ್ಬುಗಳ ನಡುವೆ ಮಟ್ಟವಾಗಿ ಮಲಗುತ್ತದೆಯೇ ಎಂದು ನೋಡುವುದು. ಮೂರೂ ಈ ಪರೀಕ್ಷೆಯಲ್ಲಿ ಗೆದ್ದವು. ಓಲ್ಡ್ಸ್‌ಮೊಬೈಲಿನಲ್ಲಿ ಹಾಳೆಯನ್ನು ಒಳಗಿಟ್ಟು ಬಾಗಿಲನ್ನೂ ಮುಚ್ಚಿಕೊಂಡು ಬಂದೆ. ಈ ಹೊತ್ತಿನ ಎತ್ತರದ ಎಸ್‌ಯುವಿಗಳಲ್ಲಿ ಎಷ್ಟರಲ್ಲಿ ಇದು ಸಾಧ್ಯವೋ, ಮರಗೆಲಸದ ಅಂಗಡಿಯ ಮುಂದೆ ಹಗ್ಗ ಹಿಡಿದು ಹೆಣಗಾಡುವವರನ್ನು ನೋಡಿದರೆ ಗೊತ್ತಾಗುತ್ತದೆ.

ಮೂರನೆಯ ಸಾಲಿನ ಸೀಟಿನ ವಿಷಯದಲ್ಲಿ ಮೂರು ವ್ಯಾಗನ್‌ಗಳೂ ಮೂರು ದಿಕ್ಕಿಗೆ ಮುಖಮಾಡಿವೆ, ಮತ್ತು ಇದನ್ನು ನಾನು ಅಕ್ಷರಶಃ ಹೇಳುತ್ತಿದ್ದೇನೆ. ಓಲ್ಡ್ಸ್‌ಮೊಬೈಲಿನಲ್ಲಿ ಕೊನೆಯ ಸೀಟು ಮುಂದಕ್ಕೆ ನೋಡುತ್ತದೆ. ನಡುವಿನ ಸೀಟನ್ನು ಮಡಚಿ ಮಗ್ಗುಲ ಬಾಗಿಲಿನಿಂದಲೇ ಅಲ್ಲಿಗೆ ಹೋಗಬಹುದು. ವಯಸ್ಸಾದವರೂ ಕೂರಬಲ್ಲ ಮೂರನೆಯ ಸಾಲು ಇದೊಂದೇ. ಬ್ಯೂಕ್‌ನಲ್ಲಿ ಅದು ಹಿಂದಕ್ಕೆ ಮುಖಮಾಡಿದೆ. ಮಕ್ಕಳು ಬಿಟ್ಟುಬಂದ ರಸ್ತೆಯನ್ನೇ ನೋಡುತ್ತಾ ಪ್ರಯಾಣ ಮಾಡುತ್ತಾರೆ. ಫೋರ್ಡಿನಲ್ಲಿ ನೆಲದ ಎರಡು ಮುಚ್ಚಳಗಳನ್ನು ಎತ್ತಿದರೆ ಎರಡು ಪುಟ್ಟ ಸೀಟುಗಳು ಎದುರುಬದುರಾಗಿ ಏಳುತ್ತವೆ, ನಡುವೆ ಕಾಲಿಡಲು ಒಂದು ಗುಂಡಿ.

ಫೋರ್ಡಿನ ಸೀಟು ಎಲ್ಲಕ್ಕಿಂತ ಚಿಕ್ಕದು, ಹತ್ತು ಹನ್ನೊಂದು ವರ್ಷ ದಾಟಿದ ಮಕ್ಕಳ ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆ. ಆದರೂ ನಮ್ಮ ಮಕ್ಕಳು ಜಗಳವಾಡಿ ಜಾಗ ಹಿಡಿಯುತ್ತಿದ್ದದ್ದು ಅಲ್ಲಿಯೇ. ಆಗ ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು. ಅಮ್ಮ ಅವರಿಗೆ ಚೌಕಾಬಾರ ಕಲಿಸಿಕೊಟ್ಟಿದ್ದರು. ಒಂದು ರಟ್ಟಿನ ಮೇಲೆ ಮನೆಗಳನ್ನು ಗೀಚಿ, ಅದನ್ನು ಮೊಣಕಾಲುಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಕವಡೆ ಉರುಳಿ ಗುಂಡಿಯೊಳಗೆ ಬೀಳದಂತೆ ಒಂದು ಉಕ್ಕಿನ ತಟ್ಟೆಯಲ್ಲಿ ಹಾಕುತ್ತಾ, ನೂರಾರು ಮೈಲಿ ಆಡಿಕೊಂಡು ಬರುತ್ತಿದ್ದರು. ಮುಂದಿನ ಸೀಟಿನಲ್ಲಿದ್ದ ನಮಗೆ ಕವಡೆ ತಟ್ಟೆಗೆ ಬೀಳುವ ಸದ್ದು, ‘ಚೌಕ!’ ಎಂಬ ಕೂಗು ಕೇಳಿಸುತ್ತಿತ್ತು. ನಡುವಿನ ಸೀಟಿನಲ್ಲಿ ಕುಳಿತ ಅಮ್ಮ, ‘ಹಳೇ ರೈಲಿನಲ್ಲಿ ಎದುರುಬದುರು ಕೂತು ಹೋಗ್ತಿದ್ವಲ್ಲಪ್ಪ, ಹಾಗಿದೆ ಮಕ್ಕಳಿಗೆ’ ಎಂದಿದ್ದರು. ಬ್ಯೂಕ್‌ನ ಹಿಮ್ಮುಖ ಸೀಟು ಅಗಲವಾಗಿದ್ದರೂ ಚಿಕ್ಕವಳಿಗೆ ಅಲ್ಲಿ ಒಂದು ಗಂಟೆಯೊಳಗೆ ಹೊಟ್ಟೆ ತೊಳೆಸಿದಂತಾಗುತ್ತಿತ್ತು; ದೊಡ್ಡವಳಿಗೆ ಏನೂ ಆಗುತ್ತಿರಲಿಲ್ಲ. ಇದು ಮಗುವಿನಿಂದ ಮಗುವಿಗೆ ಬದಲಾಗುವ ವಿಷಯವಾದ್ದರಿಂದ, ಹಿಮ್ಮುಖ ಸೀಟಿನ ವ್ಯಾಗನ್ ಕೊಳ್ಳುವವರು ಮಕ್ಕಳನ್ನು ಕರೆದುಕೊಂಡು ಹೋಗಿ ಕೂರಿಸಿಯೇ ನೋಡಬೇಕು.

ಬ್ಯೂಕ್‌ನ ಪರವಾಗಿ ಹೇಳಲೇಬೇಕಾದ ಒಂದು ದಿನವಿದೆ. ಮಿಷಿಗನ್ನಿನ ಕೆಳಭಾಗವನ್ನೂ ಮೇಲ್ಭಾಗವನ್ನೂ ಬೆಸೆಯುವ ಮ್ಯಾಕಿನಾ ಸೇತುವೆ ನಮ್ಮ ಮನೆಯಿಂದ ಐ-75 ಹೆದ್ದಾರಿಯಲ್ಲಿ ಸುಮಾರು 450 ಕಿಲೋಮೀಟರ್ ದೂರ. ಆ ಸೇತುವೆ ಸಂಚಾರಕ್ಕೆ ತೆರೆದದ್ದು 1957ರ ನವೆಂಬರ್ 1ರಂದು, ಅಂದರೆ ಕನ್ನಡ ನಾಡು ಒಂದಾದ ದಿನಕ್ಕೆ ಸರಿಯಾಗಿ ಒಂದು ವರ್ಷ ತುಂಬಿದಂದು. ಈ ಸಂಗತಿಯನ್ನು ಅಲ್ಲಿಗೆ ಹೋದಾಗಲೆಲ್ಲ ನಾನು ಮಕ್ಕಳಿಗೆ ನೆನಪಿಸುತ್ತೇನೆ. ಸುಮಾರು 8 ಕಿಲೋಮೀಟರ್ ಉದ್ದದ ಸೇತುವೆಯ ಎರಡು ಗೋಪುರಗಳು ನೀರಿನಿಂದ 552 ಅಡಿ ಎತ್ತರ ನಿಂತಿವೆ. ರೋಡ್‌ಮಾಸ್ಟರ್‌ನಲ್ಲಿ ನಡುವಿನ ಸಾಲಿನ ನೆತ್ತಿಗೆ ಸರಿಯಾಗಿ ಚಾವಣಿಯಲ್ಲಿ ಕಪ್ಪು ಛಾಯೆಯ ಒಂದು ಅಗಲವಾದ ಗಾಜನ್ನು ಕೂರಿಸಿದ್ದಾರೆ. ಗೋಪುರದ ಬುಡಕ್ಕೆ ಬಂದಾಗ ಅಮ್ಮ ತಲೆಯೆತ್ತಿ, ಆ ಗಾಜಿನಲ್ಲಿ ಗೋಪುರದ ತುದಿಯೂ ಅದಕ್ಕೆ ಕಟ್ಟಿದ ಕೇಬಲ್ಲುಗಳೂ ನಿಧಾನವಾಗಿ ಹಿಂದಕ್ಕೆ ಸರಿಯುವುದನ್ನು ನೋಡಿದರು; ಅದೇ ಗೋಪುರ ಮರುಕ್ಷಣ ಹಿಂದಿನ ಸೀಟಿನಲ್ಲಿದ್ದ ದೊಡ್ಡ ಮಗಳ ಹಿಂಗಾಜಿನಲ್ಲಿ ಇಡಿಯಾಗಿ ಕಾಣಿಸಿಕೊಂಡು, ಚಿಕ್ಕದಾಗುತ್ತಾ ಹೋಯಿತು. ಒಂದೇ ಗೋಪುರವನ್ನು ಒಂದೇ ಕಾರಿನಲ್ಲಿ ಅಜ್ಜಿ ಮತ್ತು ಮೊಮ್ಮಗಳು ಎರಡು ಬಗೆಯಲ್ಲಿ ಕಂಡರು. ಇಂಥ ನೋಟಕ್ಕೆ ಅವಕಾಶ ಕೊಡುವ ಕಾರನ್ನು ರೂಪಿಸಿದವರ ಬಗ್ಗೆ ನನಗೆ ಮನಃಪೂರ್ವಕವಾದ ಗೌರವವಿದೆ.

ಓಡಿಸುವ ವಿಷಯಕ್ಕೆ ಬಂದರೆ ಬ್ಯೂಕ್‌ಗೆ ಸಾಟಿಯಿಲ್ಲ. 1994ರಿಂದ 1996ರವರೆಗಿನ ರೋಡ್‌ಮಾಸ್ಟರ್‌ಗಳಿಗೆ ಎಲ್‌ಟಿ1 ಎಂಬ 5.7 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಹಾಕಿದರು. ಇದು ಆ ಕಾಲದ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ಹತ್ತಿರದ ಬಂಧು, ಇಲ್ಲಿ ಸಿಲಿಂಡರಿನ ತಲೆಗಳು ಮಾತ್ರ ಅಲ್ಯೂಮಿನಿಯಮ್ಮಿನ ಬದಲು ಎರಕದ ಕಬ್ಬಿಣದವು. ಶಕ್ತಿ 260 ಅಶ್ವಶಕ್ತಿ. ಫೋರ್ಡಿನ 5 ಲೀಟರಿನ ವಿ8 ಕೊಡುವುದು 150. ಬೆಟ್ಟದ ಏರಿನಲ್ಲಿ, ಆರು ಜನ ಮತ್ತು ಸಾಮಾನು ತುಂಬಿಕೊಂಡಿರುವಾಗ, ಲಾರಿಯೊಂದನ್ನು ದಾಟುವಾಗ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ: ಫೋರ್ಡ್ ಯೋಚಿಸಿ ಹೊರಡುತ್ತದೆ, ಬ್ಯೂಕ್ ಹೇಳಿದ ತಕ್ಷಣ ಹೊರಡುತ್ತದೆ. ಹೆಚ್ಚು ಶಕ್ತಿಯಿದ್ದೂ ಹೆದ್ದಾರಿಯಲ್ಲಿ ನನಗೆ ಲೀಟರಿಗೆ ಸುಮಾರು 10 ಕಿಲೋಮೀಟರ್ ಕೊಟ್ಟದ್ದು ಬ್ಯೂಕ್. ಫೋರ್ಡ್ 8ರ ಆಸುಪಾಸು, ಓಲ್ಡ್ಸ್‌ಮೊಬೈಲ್ 4ರಿಂದ 5. ಬ್ಯೂಕ್‌ಗೆ ಎಬಿಎಸ್ ಬ್ರೇಕ್ ಇದೆ, ಮುಂದಿನ ಇಬ್ಬರಿಗೂ ಏರ್‌ಬ್ಯಾಗ್ ಇದೆ. 1990ರ ಫೋರ್ಡಿನಲ್ಲಿ ಏರ್‌ಬ್ಯಾಗ್ ಚಾಲಕನಿಗೆ ಮಾತ್ರ, ಎಬಿಎಸ್ ಇಲ್ಲ. ಓಲ್ಡ್ಸ್‌ಮೊಬೈಲಿನಲ್ಲಿ ಇವೆರಡೂ ಇಲ್ಲ. ಚಳಿಗಾಲದಲ್ಲಿ, ಹಿಮ ಬಿದ್ದ ರಸ್ತೆಯಲ್ಲಿ ಕುಟುಂಬವನ್ನು ಕರೆದೊಯ್ಯಬೇಕಾದರೆ ನಾನು ಕಣ್ಣುಮುಚ್ಚಿ ಬ್ಯೂಕ್‌ನ ಕೀಲಿಯನ್ನೇ ತೆಗೆದುಕೊಳ್ಳುತ್ತಿದ್ದೆ.

ಓಲ್ಡ್ಸ್‌ಮೊಬೈಲಿನ 455 ಘನ ಅಂಗುಲದ, ಅಂದರೆ ಸುಮಾರು 7.5 ಲೀಟರಿನ ಎಂಜಿನ್ನನ್ನು ಇವುಗಳೊಂದಿಗೆ ಅಂಕಿಗಳಲ್ಲಿ ಹೋಲಿಸುವುದು ನ್ಯಾಯವಲ್ಲ. ಅದು ಆತುರಪಡುವುದಿಲ್ಲ, ಆಯಾಸವನ್ನೂ ತೋರಿಸುವುದಿಲ್ಲ. ಮೂರೇ ಗೇರಿನ ಟರ್ಬೊ ಹೈಡ್ರಮ್ಯಾಟಿಕ್ 400 ಗೇರ್‌ಬಾಕ್ಸು ಒಂದು ಗೇರಿನಿಂದ ಇನ್ನೊಂದಕ್ಕೆ ಹೋದದ್ದು ಸದ್ದು ಬದಲಾದಾಗಲಷ್ಟೇ ಗೊತ್ತಾಗುತ್ತದೆ. ಹಿಂದುಗಡೆ ಲಾರಿಗಳಲ್ಲಿ ಕಾಣುವಂಥ ಲೀಫ್ ಸ್ಪ್ರಿಂಗುಗಳಿದ್ದು, ಖಾಲಿಯಿದ್ದಾಗ ಸ್ವಲ್ಪ ಕುಣಿಯುತ್ತದೆ, ಭಾರ ತುಂಬಿದಷ್ಟೂ ಹದವಾಗಿ ಸಾಗುತ್ತದೆ. ಮ್ಯಾಕಿನಾ ಸೇತುವೆಯ ಒಳಗಿನ ಪಥಗಳು ಉಕ್ಕಿನ ಜಾಲರಿಯವು; ಅದರ ಮೇಲೆ ಹೋದಾಗ ಚಕ್ರಗಳು ಜೇನುಹುಟ್ಟಿನಂತೆ ಮೊರೆಯುತ್ತವೆ. ಮೂರು ವ್ಯಾಗನ್‌ಗಳಲ್ಲೂ ಆ ಜಾಲರಿಯ ಮೇಲೆ ಹೋಗಿದ್ದೇನೆ. ಬ್ಯೂಕ್‌ನಲ್ಲಿ ಮೊರೆತ ದೂರದಿಂದ ಬಂದಂತೆ ಕೇಳಿತು ಆದರೆ ಸ್ಟೇರಿಂಗ್ ತೀರ ಹಗುರವಾಗಿ ಅತ್ತಿತ್ತ ಆಡುತ್ತಿತ್ತು, ಫೋರ್ಡಿನಲ್ಲಿ ಮೊರೆತ ನೆಲದಿಂದಲೇ ಎದ್ದು ಬಂದಿತು, ಓಲ್ಡ್ಸ್‌ಮೊಬೈಲ್ ಮಾತ್ರ ತನ್ನ ತೂಕದಿಂದಲೇ ಗೆರೆ ತಪ್ಪದೆ ದಾಟಿತು.

ರಿಪೇರಿಯ ವಿಷಯದಲ್ಲಿ ಪ್ರತಿಯೊಂದಕ್ಕೂ ಒಂದೊಂದು ಮರ್ಮಸ್ಥಾನವಿದೆ, ಅದನ್ನು ತಿಳಿಯದೆ ಕೊಂಡವರು ನಷ್ಟಪಡುತ್ತಾರೆ. ನಾನು ಪಟ್ಟ ನಷ್ಟ ಫೋರ್ಡಿನದು. ಅದರ ನಾಲ್ಕು ಗೇರಿನ ಎಒಡಿ ಗೇರ್‌ಬಾಕ್ಸಿನ ಒಳಗಿನ ಎಣ್ಣೆಯ ಒತ್ತಡವನ್ನು ನಿಯಂತ್ರಿಸುವುದು ಥ್ರಾಟಲ್ಲಿನಿಂದ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಕವಾಟದಿಂದ, ಬರುವ ಒಂದು ತೆಳು ಕೇಬಲ್. ಆ ಕೇಬಲ್ಲಿನ ತುದಿಯನ್ನು ಥ್ರಾಟಲ್ಲಿಗೆ ಹಿಡಿದಿಡುವುದು ಹುಣಸೆ ಬೀಜದಷ್ಟು ದಪ್ಪದ, ಬಳೆಯಂಥ ಒಂದು ಪ್ಲಾಸ್ಟಿಕ್ ಬುಷ್. ವರ್ಷಗಳ ಬಿಸಿಗೆ ಅದು ಬಿಸ್ಕತ್ತಿನಂತೆ ಪುಡಿಯಾಗುತ್ತದೆ; ಪುಡಿಯಾದಾಗ ಕೇಬಲ್ ಸಡಿಲವಾಗಿ, ಒತ್ತಡ ಕುಸಿದು, ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪದರಗಳು ಕೆಲವೇ ಮೈಲಿಗಳಲ್ಲಿ ಸುಟ್ಟುಹೋಗುತ್ತವೆ. ಗೇರು ಜಾರುತ್ತಿದೆ ಎನಿಸಿ ನಾನು ಹತ್ತಿರದ ಒಂದು ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಅವರು ಎಣ್ಣೆ ಬದಲಿಸಿ, ಸರಿಹೋಗಿದೆ ಎಂದು ಕೀಲಿ ಕೈಗಿತ್ತರು. ಬಾನೆಟ್ ಎತ್ತಿ ಆ ಕೇಬಲ್ಲಿನ ತುದಿಯನ್ನು ನೋಡಿರಲೇ ಇಲ್ಲ. ಮನೆ ತಲುಪುವ ಮೊದಲೇ ಗೇರ್‌ಬಾಕ್ಸು ಕೈಕೊಟ್ಟಿತು. ಕೆಲವೇ ಡಾಲರಿನ ಬುಷ್‌ಗಾಗಿ ಇಡೀ ಗೇರ್‌ಬಾಕ್ಸನ್ನು ಇಳಿಸಿ ಹೊಸದಾಗಿ ಕಟ್ಟಿಸಬೇಕಾಯಿತು. ಈಗ ಹಿತ್ತಾಳೆಯ ಬುಷ್ ಹಾಕಿಸಿದ್ದೇನೆ. ವರ್ಷಕ್ಕೆರಡು ಬಾರಿ ಬೆರಳಿನಿಂದ ಅಲುಗಾಡಿಸಿ ನೋಡುತ್ತೇನೆ.

ಬ್ಯೂಕ್‌ನ ಮರ್ಮಸ್ಥಾನ ಎಂಜಿನ್ನಿನ ಮುಂಭಾಗದಲ್ಲಿದೆ. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ತನ್ನು ಹಂಚುವ ಎಲ್‌ಟಿ1ರ ಡಿಸ್ಟ್ರಿಬ್ಯೂಟರನ್ನು, ಬೇರೆ ಎಂಜಿನ್‌ಗಳಲ್ಲಿರುವಂತೆ ಮೇಲೆ ಒಣ ಜಾಗದಲ್ಲಿ ಇಡದೆ, ಮುಂದುಗಡೆ ವಾಟರ್ ಪಂಪಿನ ಅಡಿಯಲ್ಲಿ ಕೂರಿಸಿದ್ದಾರೆ. ಪಂಪು ಹಳತಾಗಿ ತೊಟ್ಟಿಕ್ಕಲು ಆರಂಭಿಸಿದರೆ ಆ ಕೂಲೆಂಟ್ ನೇರವಾಗಿ ಡಿಸ್ಟ್ರಿಬ್ಯೂಟರಿನ ಮೇಲೆ ಬಿದ್ದು, ಎಂಜಿನ್ ಅಲ್ಲಲ್ಲಿ ಕೆಮ್ಮಿ ಕೊನೆಗೆ ನಿಂತುಹೋಗುತ್ತದೆ. ಆದ್ದರಿಂದ ಪಂಪನ್ನು ಬದಲಿಸುವಾಗಲೇ ಡಿಸ್ಟ್ರಿಬ್ಯೂಟರನ್ನೂ ಬದಲಿಸುವುದು ಲಾಭ. ನಾನು ಕೊಂಡ ವಾರದಲ್ಲೇ ಎರಡನ್ನೂ ಮಾಡಿಸಿದೆ, ಇಟ್ಟುಕೊಂಡಿರುವವರೆಗೂ ಅದು ಒಮ್ಮೆಯೂ ನನ್ನನ್ನು ದಾರಿಯಲ್ಲಿ ನಿಲ್ಲಿಸಲಿಲ್ಲ. ಓಲ್ಡ್ಸ್‌ಮೊಬೈಲಿನ ಎಂಜಿನ್, ಗೇರ್‌ಬಾಕ್ಸುಗಳಿಗೆ ಇಂಥ ಬಲಹೀನತೆಯೇ ಇಲ್ಲ, ಕಾರ್ಬೊರೇಟರನ್ನು ಹದಮಾಡಲು ಬಲ್ಲ ಮೆಕ್ಯಾನಿಕ್ ಸಿಕ್ಕರೆ ಸಾಕು. ಅದರ ಕಷ್ಟವೆಲ್ಲ ಮೈಯದು: ಹಿಂಬಾಗಿಲಿನ ಭಾಗಗಳು, ರಬ್ಬರ್ ಪಟ್ಟಿಗಳು, ವ್ಯಾಗನ್ನಿಗೆ ಮಾತ್ರ ಸೇರಿದ ಗಾಜುಗಳು ಸಿಗುವುದು ಇನ್ನೊಂದು ಹಳೆಯ ವ್ಯಾಗನ್ನನ್ನು ಬಿಚ್ಚಿದಾಗ ಮಾತ್ರ. ರಸ್ತೆಗೆ ಉಪ್ಪು ಸುರಿಯುವ ಈ ರಾಜ್ಯದಲ್ಲಿ ಮೂರಕ್ಕೂ ತುಕ್ಕು ಸಮಾನ ಶತ್ರು. ನವೆಂಬರಿನಿಂದ ಏಪ್ರಿಲ್‌ವರೆಗೆ ಓಲ್ಡ್ಸ್‌ಮೊಬೈಲನ್ನು ನಾನು ಶೆಡ್ಡಿನಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ.

ಅಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅವರವರ ಕಣ್ಣಿಗೆ ಬಿಟ್ಟದ್ದು. ಮೂರಕ್ಕೂ ಮಗ್ಗುಲಲ್ಲಿ ಮರದ ಹಲಗೆಯಂತೆ ಕಾಣುವ ವಿನೈಲ್ ಹಾಳೆ ಅಂಟಿಸಿದ್ದಾರೆ. 1950ರಲ್ಲಿ ಕಂಟ್ರಿ ಸ್ಕ್ವೈರ್ ಹುಟ್ಟಿದಾಗ ಅದಕ್ಕೆ ಇದ್ದದ್ದು ನಿಜವಾದ ಮರ. ಮ್ಯಾಕಿನಾ ಸೇತುವೆಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ಸಿಗುವ ಐರನ್ ಮೌಂಟನ್ ಊರಿನಲ್ಲಿ ಫೋರ್ಡ್ ಕಂಪನಿ ತನ್ನ ವ್ಯಾಗನ್‌ಗಳಿಗೆ ಮರದ ಮೈಯನ್ನು ಕಟ್ಟುತ್ತಿತ್ತು. ಅಲ್ಲಿ ಉಳಿದ ಮರದ ಚೂರುಗಳಿಂದ ಮಾಡಿದ ಇದ್ದಿಲೇ ಮುಂದೆ ಕಿಂಗ್ಸ್‌ಫರ್ಡ್ ಎಂಬ ಹೆಸರಿನಲ್ಲಿ ಈ ದೇಶದ ಹಿತ್ತಲಿನ ಒಲೆಗಳಿಗೆಲ್ಲ ಬಂದಿತು. ಆ ನೆನಪು ಇರುವುದರಿಂದಲೋ ಏನೋ, ಚಪ್ಪಟೆ ಮಗ್ಗುಲಿನ ಫೋರ್ಡಿನ ಮೇಲೆ ಈ ಮರದ ಬಣ್ಣ ಒಪ್ಪಿದಷ್ಟು, ಉರುಟು ಮೈಯ ಬ್ಯೂಕ್‌ನ ಮೇಲೆ ಒಪ್ಪುವುದಿಲ್ಲ ಎಂಬುದು ನನ್ನ ಅನಿಸಿಕೆ. ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಗೆ ಮೂರನ್ನೂ ಒಂದೊಂದು ವರ್ಷ ಒಯ್ದಿದ್ದೇನೆ. ಜನ ಸುತ್ತುವರಿದು ನಿಂತದ್ದು ಓಲ್ಡ್ಸ್‌ಮೊಬೈಲಿನ ಬಾಗಿಲನ್ನು ನೋಡಲು. ಆದರೆ ‘ನಮ್ಮ ಮನೆಯಲ್ಲೂ ಇದು ಇತ್ತು’ ಎಂದು ಹತ್ತಿರ ಬಂದು ಬಾಗಿಲನ್ನು ಸವರಿ ಹೋದವರು ಹೆಚ್ಚಾಗಿ ಕಂಟ್ರಿ ಸ್ಕ್ವೈರ್ ಕಂಡವರು.

ಇಷ್ಟು ಉಪಯೋಗದ ವಾಹನಗಳು ಇಲ್ಲವಾದದ್ದು ಅವುಗಳ ದೋಷದಿಂದಲ್ಲ. 1984ರ ಮಾದರಿಯಾಗಿ ಕ್ರೈಸ್ಲರ್ ತಂದ ಮಿನಿವ್ಯಾನ್ ಕುಟುಂಬಗಳನ್ನು ತನ್ನತ್ತ ಸೆಳೆಯಿತು. 1975ರ ಇಂಧನ ಕಾನೂನು ಕಾರುಗಳಿಗೆ ಬಿಗಿಯಾದ ಮಿತಿಯನ್ನೂ ಲಘು ಟ್ರಕ್ಕುಗಳಿಗೆ ಸಡಿಲವಾದ ಮಿತಿಯನ್ನೂ ಏರ್ಪಡಿಸಲು ದಾರಿಮಾಡಿದ್ದರಿಂದ, ಕಾನೂನಿನ ಲೆಕ್ಕದಲ್ಲಿ ಟ್ರಕ್ಕುಗಳಾದ ಎಸ್‌ಯುವಿಗಳು ವ್ಯಾಗನ್ನಿನ ಜಾಗವನ್ನು ತುಂಬಿದವು. ಕಂಟ್ರಿ ಸ್ಕ್ವೈರ್ 1991ರಲ್ಲಿ ನಿಂತಿತು. 1992ರ ಫೆಬ್ರವರಿಯಲ್ಲಿ ಜನರಲ್ ಮೋಟರ್ಸ್ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ವಿಲೋ ರನ್ ಕಾರ್ಖಾನೆಯನ್ನು ಮುಚ್ಚಿ, ದೊಡ್ಡ ಕಾರುಗಳ ತಯಾರಿಕೆಯನ್ನು ಟೆಕ್ಸಸ್‌ನ ಆರ್ಲಿಂಗ್ಟನ್ನಿಗೆ ಒಯ್ಯುವುದಾಗಿ ಪ್ರಕಟಿಸಿತು. ಎರಡನೆಯ ಮಹಾಯುದ್ಧದಲ್ಲಿ ಬಿ-24 ಬಾಂಬರ್ ವಿಮಾನಗಳನ್ನು ಕಟ್ಟಿದ ನೆಲ ಅದು. 1996ರ ಕೊನೆಯಲ್ಲಿ ಆರ್ಲಿಂಗ್ಟನ್ನಿನಲ್ಲಿಯೂ ರೋಡ್‌ಮಾಸ್ಟರ್ ನಿಂತು, ಆ ಸಾಲುಗಳಲ್ಲಿ ಟ್ರಕ್ಕುಗಳ ಕೆಲಸ ಆರಂಭವಾಯಿತು. ಅಲ್ಲಿಂದ ಈಚೆಗೆ ಈ ಗಾತ್ರದ ವ್ಯಾಗನ್ ಅಮೆರಿಕದಲ್ಲಿ ಹುಟ್ಟಿಲ್ಲ.

ಮೊದಲು ಬಿಟ್ಟುಕೊಟ್ಟದ್ದು ಓಲ್ಡ್ಸ್‌ಮೊಬೈಲನ್ನು. ಒಣ ಹವೆಯ ರಾಜ್ಯವೊಂದರಲ್ಲಿ, ಇದೇ ಮಾದರಿಯ ಇನ್ನೆರಡು ವ್ಯಾಗನ್‌ಗಳನ್ನು ಇಟ್ಟುಕೊಂಡಿರುವ, ನನಗಿಂತ ಹೆಚ್ಚು ಬಲ್ಲ ಒಬ್ಬರ ಕೈಗೆ ಅದು ಹೋಯಿತು. ಶೆಡ್ಡು, ಸಮಯ ಮತ್ತು ಉಪಕರಣಗಳಿರುವವರಿಗೆ ಮಾತ್ರ ನಾನು ಅದನ್ನು ಶಿಫಾರಸು ಮಾಡುತ್ತೇನೆ. ಬ್ಯೂಕ್ ಅನ್ನು ಬಿಟ್ಟುಕೊಡುವಾಗ ಮನಸ್ಸಿಗೆ ಹೆಚ್ಚು ಕಷ್ಟವಾಯಿತು. ದಿನವೂ ಓಡಿಸುವವರಿಗೆ, ದೂರದ ಪ್ರಯಾಣ ಮಾಡುವವರಿಗೆ, ದೋಣಿಯನ್ನೋ ಟ್ರೇಲರನ್ನೋ ಎಳೆಯುವವರಿಗೆ ಮೂರರಲ್ಲಿ ಅದೇ ಉತ್ತಮವಾದ ಕಾರು. ಆದರೆ ಕಾರಾಗಿ ಉತ್ತಮವಾಗಿರುವುದು ಬೇರೆ, ವ್ಯಾಗನ್ನಾಗಿ ಉತ್ತಮವಾಗಿರುವುದು ಬೇರೆ. ದಿನಕ್ಕೆ ಹತ್ತು ಬಾರಿ ತೆಗೆದು ಮುಚ್ಚುವ ಬಾಗಿಲು, ಮಕ್ಕಳು ತಾವಾಗಿ ಹೋಗಿ ಕೂರುವ ಸೀಟು, ನಾನೇ ಬಿಚ್ಚಿ ಜೋಡಿಸಬಲ್ಲ ಸರಳತೆ ಇವು ಫೋರ್ಡಿನಲ್ಲಿದ್ದವು. ಹೆಣ್ಣುಮಕ್ಕಳು ಈಗ ಆ ಪುಟ್ಟ ಸೀಟುಗಳಲ್ಲಿ ಹಿಡಿಸುವುದಿಲ್ಲ. ಕಂಟ್ರಿ ಸ್ಕ್ವೈರ್ ಮಾತ್ರ ಮನೆಯಲ್ಲಿಯೇ ಇದೆ, ದೊಡ್ಡವಳು ಅದರಲ್ಲೇ ಡ್ರೈವಿಂಗ್ ಕಲಿತಳು.

ಇಂಥದೊಂದನ್ನು ನೋಡಲು ಹೋಗುವವರು, ಮಾರುವವರಿಂದ ಕೀಲಿ ಪಡೆದು ಮೊದಲು ಹಿಂಬದಿಗೆ ಹೋಗಬೇಕು. ಗಾಜನ್ನು ಇಳಿಸಿ, ಬಾಗಿಲನ್ನು ಕೆಳಕ್ಕೆ ಮಲಗಿಸಿ, ಅದರ ತುದಿಯಲ್ಲಿ ಒಮ್ಮೆ ಕುಳಿತು ನೋಡಿ. ಮತ್ತೆ ಎತ್ತಿ, ಗಾಜನ್ನು ಏರಿಸಿ, ಈ ಬಾರಿ ಮಗ್ಗುಲಿಗೆ ತೆಗೆಯಿರಿ. ಬಾಗಿಲು ಜೋತುಬೀಳದೆ ತನ್ನ ಮಟ್ಟದಲ್ಲೇ ನಿಲ್ಲಬೇಕು. ನೆಲದ ಮುಚ್ಚಳಗಳನ್ನು ಎತ್ತಿ ಕಾಲಿಡುವ ಗುಂಡಿಯ ತಳವನ್ನು ಬೆರಳಿನಿಂದ ಒತ್ತಿರಿ, ಅಲ್ಲಿ ತೇವವಿದ್ದರೆ ಕೆಳಗೆ ತುಕ್ಕು ಇದೆ. ಇಷ್ಟೂ ಸರಿಯಿದ್ದರೆ ಮುಂದೆ ಬಂದು ಬಾನೆಟ್ ಎತ್ತಿ, ಆ ಪುಟ್ಟ ಬುಷ್ ಎಲ್ಲಿದೆ ಎಂದು ಹುಡುಕಿರಿ.